ಹತ್ತೊಂಬತ್ತನೆಯ ತುಂಡು

ಬೆಂಚಿನ ನಾಲ್ಕನೆಯ ಕಾಲಿಗೆ ಪರಶುರಾಮ್ ವಾರ್ನಿಶ್ ಎಳೆಯುತ್ತಿದ್ದಾಗ ಯಮನಮ್ಮನಿಗೆ ಮೊದಲ ಕೆಮ್ಮು ಬಂತು. ಅವಳ ಗಂಡ ಓಬಳಪ್ಪ ಬೆಳಿಗ್ಗೆಯಷ್ಟೇ ತೀರಿಕೊಂಡಿದ್ದ. ಅವನೇ ಮಾಡಿದ ಬೆಂಚಿನ ಮೇಲೆ ಅವನನ್ನು ಮಲಗಿಸುವುದೆಂದು ಮನೆಯವರೆಲ್ಲ ನಿಶ್ಚಯಿಸಿದ್ದರು. ಯಮನಮ್ಮನ ತಮ್ಮ ಪರಶುರಾಮ್ ಹೊಸಪೇಟೆಯಲ್ಲಿ ಪೇಂಟ್ ಅಂಗಡಿ ಇಟ್ಟವನು. ಕೈಗೆ ಬ್ರಷ್ ಸಿಕ್ಕರೆ ಸಾವಿಗೂ ಮೆರುಗು ಕೊಡುವ ಆಸಾಮಿ.

"ಲೇ, ಬ್ಯಾಡಲೇ ಅದು," ಎಂದಳು ಯಮನಮ್ಮ.

"ಸುಮ್ಕಿರಕ್ಕ. ಸಂಡೂರಿಂದ ಮಂದಿ ಬರ್ತಾರ. ಬೋಳು ಕಟಗಿ ಮ್ಯಾಲ ಮಾವನ್ನ ಮಲಗಿಸಿದ್ರ ನನ್ನ ಮರ್ಯಾದಿ ಏನಾಗಬೇಕು? ಜಲ್ದಿ ಒಣಗತೈತಿ."

ಅವನ ಮರ್ಯಾದೆಯಂತೆ! ಸತ್ತವನು ಯಾರೆಂಬುದನ್ನೇ ಮರೆತಿದ್ದ.

ಅರ್ಧ ತಾಸಿಗೆಲ್ಲ ಹೆಣವನ್ನು ಬೆಂಚಿಗೇರಿಸಿ ಚೆಂಡುಹೂವಿನ ಹಾರ ಹಾಕಿದರು. ಒಂದೇ ಕೋಣೆಯ ಮನೆ. ತುಂಬ ವಾರ್ನಿಶ್ ಘಾಟು. ಗಂಡನ ತಲೆಯ ಹತ್ತಿರ ಕೂತ ಯಮನಮ್ಮನಿಗೆ ಐದು ನಿಮಿಷದಲ್ಲಿ ಉಸಿರು ಕಟ್ಟಿತು. ಹೆಂಗಸರು ರಟ್ಟೆ ಹಿಡಿದು ಹೊರಗೆ ತಂದರು.

"ದುಃಖ ತಡಿಯಾಕ ಆಗವಲ್ದು, ಪಾಪ," ಎಂದಳು ಪಕ್ಕದ ಮನೆಯ ಸುಂಕಮ್ಮ. ಇಪ್ಪತ್ತು ವರ್ಷ ಗೋಡೆಯಾಚೆಯಿಂದ ಇವಳ ಉಬ್ಬಸ ಕೇಳಿದವಳು. ಕೆಮ್ಮು ಯಾವುದು, ಅಳು ಯಾವುದು ಎಂಬುದು ಸುಂಕಮ್ಮನಿಗೆ ಇನ್ನೂ ತಿಳಿದಿರಲಿಲ್ಲ.

ಯಮನಮ್ಮ ಮತ್ತೆರಡು ಸಲ ಒಳಗೆ ಹೋದಳು. ಎರಡು ಸಲವೂ ಹೊರಗೆ ತಂದು ಕೂರಿಸಿದರು. ಮಣ್ಣು ಮಾಡುವುದು ಮೂರು ಗಂಟೆಗೆ. ಅಲ್ಲಿಯವರೆಗೆ ಗಂಡನ ಪಕ್ಕ ಕೂರಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

*

ಓಬಳಪ್ಪ ಗಣಿ ಲಾರಿಗಳಿಗೆ ಹಲಗೆಯ ಬಾಡಿ ಕಟ್ಟುತ್ತಿದ್ದವನು. ಆ ಕೆಲಸ ನಿಂತ ಮೇಲೆ ಮನೆಯಲ್ಲೇ ಸ್ಟೂಲು, ತೊಟ್ಟಿಲು ಮಾಡತೊಡಗಿದ. ಮೊದಲ ಮಂಚಕ್ಕೆ ಪರಶುರಾಮನ ವಾರ್ನಿಶ್ ಹಚ್ಚಿದ. ಯಮನಮ್ಮ ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಅಂದಿನಿಂದ ವಾಸನೆ ಬಾರದ ಪಾಲಿಶ್ ಹುಡುಕುವುದೇ ಅವನಿಗೆ ಹುಚ್ಚಾಯಿತು.

ಪರಶುರಾಮ್ ಒಂದು ಡಬ್ಬಿ ಕೊಟ್ಟ. ವಾಸನೆಯಿಲ್ಲ ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಅದು ವಾರಗಟ್ಟಲೆ ನಾರಿತು.

"ನಾರದಿದ್ರ ಅದೊಂದು ಪಾಲಿಶೇನು ಮಾವ? ನೀರು ಹಚ್ಕೋ ಹೋಗು," ಎಂದು ಪರಶುರಾಮ್ ಗಿರಾಕಿಗಳೆದುರಿಗೇ ನಕ್ಕಿದ್ದ.

ಓಬಳಪ್ಪ ಜಗಳವಾಡಲಿಲ್ಲ. ಬೆರಳುದ್ದದ ಮರದ ತುಂಡುಗಳಿಗೆ ಬೇರೆ ಬೇರೆ ಪಾಲಿಶ್ ಹಚ್ಚಿ, ಪೆನ್ಸಿಲಿನಲ್ಲಿ ನಂಬರ್ ಬರೆದು ಒಣಗಿಸುತ್ತಿದ್ದ. ಆಮೇಲೆ ಒಂದೊಂದನ್ನೇ ಬಿಸ್ಕೀಟಿನ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಟ್ಟು, ಹೆಂಡತಿಯ ಮೂಗಿನ ಕೆಳಗೆ ಮುಚ್ಚಳ ತೆಗೆಯುತ್ತಿದ್ದ.

"ಮೂಸು ಯಮ್ನೀ. ಅಕ್ಷರಕ್ಕ ಮೂಗಿಲ್ಲ, ನಿನಗೈತಿ."

ಹದಿನೆಂಟು ತುಂಡುಗಳನ್ನು ಅವಳು ದೂರ ತಳ್ಳಿದಳು. ಹತ್ತೊಂಬತ್ತನೆಯದು ಬಳ್ಳಾರಿಯಿಂದ ತಂದ, ನೀರು ಬೆರೆಸುವ ಪಾಲಿಶ್. ಡಬ್ಬಿಯಲ್ಲಿ ಹಾಲಿನಂತೆ ಬೆಳ್ಳಗೆ, ಒಣಗಿದರೆ ಕಣ್ಣಿಗೇ ಕಾಣದು.

"ಏನೂ ಇಲ್ರಿ."

"ಖರೇನ?"

"ಕಟಗಿ ವಾಸನಿ ಅಷ್ಟ."

ಆ ದಿನ ಅವನು ಎರಡು ಸಲ ಚಹಾ ಮಾಡಿಸಿ ಕುಡಿದ. ಅವಳು ಬಾಗಿಲಲ್ಲಿ ಕೂರಲೆಂದೇ ಬೆಂಚು ಮಾಡಿ, ಉಜ್ಜಿ ನುಣುಪು ಮಾಡಿದ. ತೆಳ್ಳಗೆ ಮೂರು ಸಲ ಹಚ್ಚಿ, ಹದಿನೈದು ದಿನ ಗಾಳಿಗಿಡಬೇಕೆಂದಿದ್ದ. ಹಚ್ಚುವ ಮೊದಲೇ ಎದೆಬಡಿತ ನಿಂತಿತು. ಇಂದು ಬೆಳಿಗ್ಗೆ ಆ ಪಾಲಿಶ್ ಡಬ್ಬಿಯೇ ಪರಶುರಾಮನ ಕೈಗೆ ಸಿಕ್ಕಿತ್ತು. ಮೂಸಿ ನೋಡಿ, "ಇದು ಕೆಟ್ಟೈತಿ, ವಾಸನೇನ ಇಲ್ಲ," ಎಂದು ಮೂಲೆಗೆ ಎಸೆದಿದ್ದ.

*

ಯಮನಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊಸ್ತಿಲಲ್ಲಿ ನಿಂತಳು.

"ಅವ್ರನ್ನ ಕೆಳಗ ಇಳಸ್ರಿ."

"ಹುಚ್ಚೇನಕ್ಕ? ಮಂದಿ ಏನಂತಾರ?"

"ಮಂದಿ ಹೋಗ್ಲಿ ಅತ್ಲಾಗ! ನನ್ನ ಉಸಿರಿಗಂತ ಅವ್ರು ಇಷ್ಟು ವರ್ಷ ಒದ್ದಾಡಿದ್ರು. ನಿನ್ನ ಒಂದು ಡಬ್ಬಿ ವಾರ್ನಿಶಿಗೆ ನಾನು ಇವತ್ತು ಹೊರಗ ಕುಂದ್ರಬೇಕೇನು? ಅಂಗಳದಾಗ ಚಾಪಿ ಹಾಸ್ರಿ."

ಓಬಳಪ್ಪನ ಜೊತೆ ಲಾರಿ ಬಾಡಿ ಕಟ್ಟುತ್ತಿದ್ದ ಜಂಬಯ್ಯ ಕಾಲ ಕಡೆ ಹಿಡಿದ. ಇನ್ನಿಬ್ಬರು ಹೆಗಲಿಗೆ ಕೈ ಹಾಕಿದರು. ಎತ್ತಿದರೆ ಹೆಣ ಏಳಲಿಲ್ಲ. ಮೈಗೆ ಸುತ್ತಿದ ಬಿಳಿ ಬಟ್ಟೆ ಬೆಂಚಿಗೆ ಅಂಟಿತ್ತು. ಜಗ್ಗಿದಾಗ ಪರ್ರೆಂದು ಹರಿಯಿತು.

ಅಂಗಳದ ಚಾಪೆಯ ಮೇಲೆ ಗಂಡನ ತಲೆಗೆ ತಾಗಿ ಕೂತ ಯಮನಮ್ಮನ ಎದೆಯ ಸಿಳ್ಳು ಮೆಲ್ಲಗೆ ಇಳಿಯಿತು. ಮೂರಕ್ಕೆ ಇನ್ನೂ ಎರಡು ತಾಸು ಇತ್ತು.

ಒಳಗೆ ಬೆಂಚು ಥಳಥಳ ಹೊಳೆಯುತ್ತಿತ್ತು. ಅದರ ಮೇಲೆ ಗೇಣುದ್ದ ಬಿಳಿ ಬಟ್ಟೆ, ನಾಲ್ಕು ಚೆಂಡುಹೂವಿನ ಎಸಳು, ರೆಕ್ಕೆ ಬಡಿಯುವ ಒಂದು ನೊಣ. ಸಂಡೂರಿನವರು ಬಂದ ಸದ್ದಿಗೆ ಪರಶುರಾಮ್ ಅವನ್ನೆಲ್ಲ ಕೀಳಲು ಅವಸರದಿಂದ ಬಗ್ಗಿದ. ಬಟ್ಟೆ ಬರಲಿಲ್ಲ. ಅದರ ಪಕ್ಕದಲ್ಲಿ ಅವನ ಹೆಬ್ಬೆರಳ ಗುರುತು ಮೂಡಿ ನಿಂತಿತು.