ಪುಟ್ಟಸ್ವಾಮಿಯ ಎಡೆಗಿಟ್ಟ ಕಾಫಿ

ಸತ್ತ ಗಂಡನಿಗೆ ಒಂದು ಲೋಟ ಕಾಫಿ ಇಡುವುದಕ್ಕೆ ಹೊಂಬಾಳಮ್ಮ ಅವತ್ತು ಪಟ್ಟ ಪಾಡು ಆ ದೇವರಿಗೇ ಪ್ರೀತಿ. ಪುಟ್ಟಸ್ವಾಮಿ ತೀರಿಕೊಂಡ ಮೇಲೆ ಬಂದ ಮೊದಲನೇ ಪಕ್ಷ ಅದು. ಮಗ ಸ್ವಾಮಿ ಹಿತ್ತಲಲ್ಲಿ ಕೋಳಿ ತರಿಯುತ್ತಿದ್ದ, ಸೊಸೆ ದೀಪಿಕ ಕಜ್ಜಾಯಕ್ಕೆ ಪಾಕ ಇಟ್ಟಿದ್ದಳು, ಗಂಡನ ಅಣ್ಣ ದೊಡ್ಡಸಿದ್ದಯ್ಯ ದುದ್ದದಿಂದ ಆಗಲೇ ಬಂದು ಜಗಲಿಯ ಮೇಲೆ ಕೂತಾಗಿತ್ತು. ಪಕ್ಷದ ದಿನ ಸತ್ತವರ ಎಡೆಗೆ ಅವರವರು ಆಸೆಪಟ್ಟು ತಿಂದದ್ದು ಕುಡಿದದ್ದನ್ನೆಲ್ಲ ಇಡಬೇಕು. ಪುಟ್ಟಸ್ವಾಮಿಗೆ ಪ್ರಾಣವಾಗಿದ್ದದ್ದು ಕಾಫಿ. ಆದರೆ ಹೆಂಡತಿ ಮಾಡಿದ್ದಲ್ಲ.

ನೀರು ಕುದಿಸಿ, ಬೆಲ್ಲ ಹಾಕಿ, ಪುಡಿ ಉದುರಿಸಿ, ಬಟ್ಟೆಯಲ್ಲಿ ಸೋಸಿ, ಒಂಚೂರು ಹಾಲು ಬಿಟ್ಟು ಕೊಟ್ಟರೆ ಆ ಮಹಾರಾಯ ತುಟಿಗೆ ಮುಟ್ಟಿಸಿ, “ಕಲಗಚ್ಚು” ಎಂದು ಅಂಗಳಕ್ಕೆ ಚೆಲ್ಲುತ್ತಿದ್ದ. ಮದುವೆಯಾದಾಗಿನಿಂದ ಇದೇ ಹಾಡು. ನೆಂಟರು ಬಂದರೂ, “ಇವಳ ಕಾಫಿ ಕುಡುದ್ರೆ ಜರ ಬತ್ತದೆ, ನಡೀರಿ ಓಟ್ಲಿಗೆ” ಎಂದು ಎಬ್ಬಿಸಿಕೊಂಡು ಹೋಗುತ್ತಿದ್ದ. ಒಡಹುಟ್ಟಿದ ಅಣ್ಣನಿಗೂ ಕುಡಿಯಗೊಟ್ಟವನಲ್ಲ. ಕಡೆಕಡೆಗೆ ಮದ್ದೂರಿನ ಒಂದು ಕಾಫಿಪುಡಿ ಅಂಗಡಿಯ ಗೀಳು ಹತ್ತಿ, ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಅಲ್ಲೇ ಕುಡಿದು ಬರುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ, ಇನ್ನೇನು.

ಈಗ ಹೊಂಬಾಳಮ್ಮನಿಗೆ ಹತ್ತಿಕೊಂಡಿದ್ದ ಭಯ ಒಂದೇ. ಬದುಕಿದ್ದಾಗ ಚೆಲ್ಲಿದ, ಸರಿ. ಸತ್ತ ಮೇಲೂ ತನ್ನ ಕೈಯ ಎಡೆ ಮುಟ್ಟದೆ ಎದ್ದು ಹೋದರೆ? ಒಂದು ಸಲವಾದರೂ ತಾನು ಮಾಡಿದ ಕಾಫಿಯನ್ನು ಆತ ತಳ ಕಾಣುವಂತೆ ಕುಡಿಯಬೇಕು. ಆ ಹಟಕ್ಕೇ ಬೆಳಗಿನ ಬಸ್ಸಿಗೆ ಚಿಕ್ಕರಸಿನಕೆರೆಯಿಂದ ಮದ್ದೂರಿಗೆ ಹೊರಟಳು.

ಅಂಗಡಿಯಲ್ಲಿ ಅದರ ಒಡತಿ ತಾಹೇರಾ ಒಬ್ಬಳೇ ಬೀಜ ಹುರಿಯುತ್ತಿದ್ದಳು. ಹೊಂಬಾಳಮ್ಮ ಯಾರೆಂದು ತಿಳಿದದ್ದೇ ಸ್ಟೂಲು ಎಳೆದು ಹಾಕಿದಳು.

“ಕೂರಕ್ಕೆ ಪುರುಸೊತ್ತಿಲ್ಲ ಕಣಮ್ಮ. ನಮ್ಮೆಜಮಾನ್ರು ಕುಡೀತಿದ್ದ ಪುಡಿ ಕೊಟ್ಬುಡು, ಓಯ್ತೀನಿ.”

“ಅದು ಸುಮ್ನೆ ಪುಡಿ ಕೊಟ್ರೆ ಆಗಲ್ಲ ಅಕ್ಕ. ಮಾಡೋದು ನೋಡ್ಕೊಂಡು ಹೋಗಿ,” ಎಂದಳು ತಾಹೇರಾ.

ಕೊಳ್ಳೇಗಾಲದಾಚೆ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಒಂದು ಪೋಡು, ಅಂದರೆ ಅವರ ಹಟ್ಟಿ. ಅಲ್ಲಿ ಕಾಡುಮರಗಳ ನೆರಳಲ್ಲಿ ಬೆಳೆದ ಗಿಡದ ಬೀಜ ಇದು. ಸುಗ್ಗಿಯಲ್ಲಿ ತಾಹೇರಾಳ ಗಂಡ ಜಕೀವುಲ್ಲಾ ತಾನೇ ಹೋಗಿ ತರುತ್ತಾನೆ. ಅದಕ್ಕೆ ಬೇರೆ ತೋಟದ ಒಂದು ಬೀಜವನ್ನೂ ಬೆರೆಸುವುದಿಲ್ಲ, ಚಿಕೋರಿಯಂತೂ ಹತ್ತಿರಕ್ಕೂ ಸೇರಿಸುವುದಿಲ್ಲ. ಹುರಿಯುವಾಗ ಚಟಪಟ ಎಂದ ಸ್ವಲ್ಪ ಹೊತ್ತಿಗೇ ಇಳಿಸಬೇಕು. “ಕರ್ರಗೆ ಹುರಿದ್ರೆ ಯಾವ ಬೆಟ್ಟದ್ದಾದ್ರೂ ಒಂದೇ ರುಚಿ ಅಕ್ಕ. ಬೆಟ್ಟ ಸುಟ್ಟೋಗತ್ತೆ,” ಎನ್ನುತ್ತ ಆಕೆ ಹಿತ್ತಾಳೆಯ ಫಿಲ್ಟರಿಗೆ ಪುಡಿ ತುಂಬಿದಳು. ಮೊದಲು ಅದು ನೆನೆಯುವಷ್ಟೇ ಬಿಸಿನೀರು. ಪುಡಿ ಉಬ್ಬಿದ ಮೇಲೆ ಉಳಿದದ್ದು. ತಟ್ಟಬಾರದು, ಅಲುಗಿಸಬಾರದು, ಅದರ ಪಾಡಿಗೆ ಬಿಡಬೇಕು. ಹೊಂಬಾಳಮ್ಮ ಬಾಗಿಲಿಗೂ ಒಳಕ್ಕೂ ತಿರುಗಿದಳು, ಬಸ್ಸು ಬಂತೇ ಎಂದು ರಸ್ತೆ ನೋಡಿದಳು, ಮತ್ತೆ ಬಂದು ಫಿಲ್ಟರನ್ನು ದುರುಗುಟ್ಟಿದಳು.

ಕೊನೆಗೂ ಇಳಿದ ಡಿಕಾಕ್ಷನ್ನಿಗೆ ಬಿಸಿನೀರು ಬೆರೆಸಿ ತಾಹೇರಾ ಲೋಟ ಕೊಟ್ಟಳು. ಹಾಲಿಲ್ಲ, ಸಕ್ಕರೆಯಿಲ್ಲ. “ಕೊಂಚ ಆರ್ಲಿ ಅಕ್ಕ, ಆಮೇಲೇ ರುಚಿ ಗೊತ್ತಾಗೋದು,” ಎನ್ನುವಷ್ಟರಲ್ಲಿ ಹೊಂಬಾಳಮ್ಮ ಬಾಯಿಗೆ ಹಾಕಿಕೊಂಡಾಗಿತ್ತು. ನಾಲಿಗೆ ಸುಟ್ಟಿತು. ಮೇಲೆ ಕಿತ್ತಳೆ ಸಿಪ್ಪೆ ಕಚ್ಚಿದ ಹಾಗೆ ಹುಳಿ.

“ಥೂ. ಇದ್ನ ಕುಡಿಯಕ್ಕಾ ಆವಯ್ಯ ಬಸ್ಸತ್ತಿ ಬತ್ತಿದ್ದುದ್ದು?”

ತಾಹೇರಾ ನಕ್ಕಳು. “ಮೊದಲ್ನೇ ದಿನ ಅವರೂ ಹಿಂಗೇ ಅಂದ್ರು. ಮಾರ್ನೇ ದಿನಾನೂ ಬಂದು ಮುಖ ಕಿವುಚಿದ್ರು. ಆದ್ರೂ ಬಿಡ್ಲಿಲ್ಲ ಅಕ್ಕ, ‘ಇದ್ರಲ್ಲೇನೋ ಅದೆ, ಕಂಡಿಡೀತೀನಿ’ ಅಂತ ಒಂದು ಮಳೆಗಾಲ ಪೂರ್ತಿ ಕುಡಿದು ಕಲಿತ್ರು. ಅಂಥ ತಾಳ್ಮೆ ನಾನು ಯಾರಲ್ಲೂ ನೋಡಿಲ್ಲ.”

ಹೊಂಬಾಳಮ್ಮ ಲೋಟ ಕುಕ್ಕಿದಳು. “ಮನೆಗೊಂದು ಪೊಟ್ಣ ತಂದಿದ್ರೆ ನಾನು ಮಾಡ್ಕೊಡ್ತಿರ್ಲಿಲ್ವಾ?”

ಒಳ್ಳೆಯ ಮಾತಾಡಲು ಹೋಗಿ ಸಿಕ್ಕಿಕೊಂಡ ತಾಹೇರಾ ಪುಡಿ ಕಟ್ಟುವ ನೆಪದಲ್ಲಿ ತಲೆ ತಗ್ಗಿಸಿದಳು. “ನಾನೂ ಹೇಳ್ತಿದ್ದೆ. ‘ನಮ್ಮನೆಯೋಳಿಗೆ ಇದ್ರ ರುಚಿ ಗೊತ್ತಾಗಕಿಲ್ಲ ಬುಡಮ್ಮ’ ಅಂತಿದ್ರು. ಬೇಜಾರು ಮಾಡ್ಕೋಬೇಡಿ.” ಪುಡಿಯ ಜೊತೆಗೆ ತನ್ನ ಫಿಲ್ಟರನ್ನೂ ಕೊಟ್ಟು ಕಳಿಸಿದಳು.

ಬೇಜಾರಲ್ಲ, ಹೊಟ್ಟೆಗೆ ಬೆಂಕಿಯೇ ಬಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರದೆ ಕಂಬಿ ಹಿಡಿದು ನಿಂತೇ ಬಂದಳು. ಹುಳಿನೀರಿಗೆ ಒಂದು ಮಳೆಗಾಲ ಕೊಟ್ಟನಂತೆ. ತನ್ನ ಕಾಫಿಗೆ ಎರಡನೇ ಗುಟುಕು ಕೊಡಲಿಲ್ಲ.

ಆದರೂ ಮಾಡಿದಳು. ಎಡೆ ಎಡೆಯೇ ಅಲ್ಲವೇ? ಎಡೆ ಇಡುವವರೆಗೆ ಉಣ್ಣುವಂತಿಲ್ಲವೆಂದು ತನಗೂ ದೀಪಿಕಳಿಗೂ ಮಾಡಿಕೊಂಡ ಬೆಲ್ಲದ ಕಾಫಿ ಒಲೆಯ ಮೇಲಿತ್ತು. ಅದರ ಪಕ್ಕದಲ್ಲಿ ಫಿಲ್ಟರು ಇಟ್ಟು, ತಾಹೇರಾ ಹೇಳಿದಂತೆ ನೀರು ಹೊಯ್ದಳು. ತೊಟ್ಟು ಬೀಳುವುದನ್ನು ಕಾಯಲಾರದೆ ಹಿತ್ತಲಿಗೆ ಹೋದಳು, ಬಂದಳು, ತಟ್ಟಲು ಕೈ ಎತ್ತಿ ಹಿಂದಕ್ಕೆ ತೆಗೆದುಕೊಂಡಳು. ಸೊಸೆ ನೋಡಿ ನೋಡಿ, “ಕಾಲು ಸುಟ್ಟ ಬೆಕ್ಕಿನಂಗೆ ಯಾಕತ್ತೆ ಸುತ್ತೀರಿ, ಕೂತ್ಕಳಿ,” ಎಂದಳು. ಅತ್ತೆ ಕೂರಲಿಲ್ಲ.

ಸಂಜೆಗೆ ಎಲೆಯ ತುಂಬ ಎಡೆ ಬಿತ್ತು. ಮುದ್ದೆ, ಕೋಳಿ ಸಾರು, ಕಜ್ಜಾಯ, ವಡೆ, ಒಂದು ಕಟ್ಟು ಬೀಡಿ, ಅಂಚಿಗೆ ಮದ್ದೂರಿನ ಕಾಫಿ. ದೊಡ್ಡಸಿದ್ದಯ್ಯ ಸಾಂಬ್ರಾಣಿ ಹಾಕಿ, ಎಲ್ಲರನ್ನೂ ಹೊರಗೆ ಕಳಿಸಿ, ತಾನೂ ಬಂದು ಬಾಗಿಲು ಎಳೆದುಕೊಂಡ. “ಯಾರೂ ಒಳೀಕ್ ಓಗ್ಬೇಡಿ. ಹಿರೀಕ್ರು ಉಣ್ತಾವ್ರೆ.”

ಎಲ್ಲರೂ ಅಂಗಳದಲ್ಲಿ ಕೈ ಕಟ್ಟಿ ನಿಂತರು. ಹೊಂಬಾಳಮ್ಮನಿಗೆ ಆ ಮುಚ್ಚಿದ ಬಾಗಿಲ ಹಿಂದೆ ಗಂಡ ಚಕ್ಕಳಮಕ್ಕಳ ಹಾಕಿ ಕೂತು ಆ ಹುಳಿನೀರನ್ನು ಚಪ್ಪರಿಸುತ್ತಿರುವುದು ಕಣ್ಣಿಗೆ ಕಟ್ಟಿತು. ಕುಡಿಯುತ್ತಾನೆ, ಯಾಕೆ ಕುಡಿಯುವುದಿಲ್ಲ! ಅದು ತಾಹೇರಾಳ ಕಾಫಿ. ತನ್ನದೇನಿದೆ ಅದರಲ್ಲಿ, ನೀರು ಹೊಯ್ದದ್ದು ಬಿಟ್ಟರೆ? ಸರಸರ ಹಿತ್ತಲಿಗೆ ನಡೆದಳು.

ದೀಪಿಕ ಓಡಿ ಬಂದು ಸೆರಗು ಹಿಡಿದಳು. “ಅತ್ತೆ, ಬಾಗ್ಲು ತೆಗುದ್ರೆ ಎದ್ದೋಯ್ತಾರಂತೆ.”

“ಓಗ್ಲಿ ಬುಡು. ಆವಯ್ಯಂಗೆ ಎದ್ದೋಗೋದೇನು ಒಸದಾ?”

ಹಿತ್ತಲ ಬಾಗಿಲಿಂದ ಒಳಗೆ ಹೋಗಿ, ಒಲೆಯ ಮೇಲಿದ್ದ ಬೆಲ್ಲದ ಕಾಫಿಯನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ, ಎಡೆಯ ಅಂಚಿಗಿಟ್ಟು, ಮದ್ದೂರಿನದನ್ನು ಎತ್ತಿಕೊಂಡಳು. ಹಾರ ಹಾಕಿದ ಫೋಟೋದ ಕಡೆ ತಿರುಗಿ, “ಇವತ್ತು ಚೆಲ್ಲಕ್ಕೆ ಕೈಯಿಲ್ಲ ನಿಂಗೆ. ಕುಡಿ,” ಎಂದಳು.

ಅಡುಗೆಮನೆಯಲ್ಲಿ ನಿಂತು ಅವನ ಲೋಟವನ್ನು ತಾನು ಕುಡಿದಳು. ಕಾಫಿ ಆರಿತ್ತು. ಹುಳಿ ಇತ್ತು, ಆದರೆ ಅದರ ಹಿಂದೆಯೇ ಆಲೆಮನೆಯಲ್ಲಿ ಪಾಕ ಏರುವಾಗಿನ ಘಮದಂಥದ್ದೊಂದು ಸಿಹಿ ನಾಲಿಗೆಯ ಬುಡದಿಂದ ಎದ್ದು ಬಂತು. ಮತ್ತೊಂದು ಗುಟುಕು ಕುಡಿದಳು. ಇತ್ತು, ನಿಜವಾಗಿ ಇತ್ತು. ಒಂದು ಮಳೆಗಾಲ ಬೇಕಾಗಿರಲಿಲ್ಲ, ಒಂದು ಪೊಟ್ಟಣ ಮನೆಗೆ ತಂದು ಎದುರಿಗೆ ಕೂತಿದ್ದರೆ ಸಾಕಾಗಿತ್ತು. ಆಗ ಅವಳಿಗೆ ಅಳು ಬಂತು. ಅವನು ಸತ್ತದ್ದಕ್ಕಲ್ಲ, ಬದುಕಿದ್ದ ಅಷ್ಟು ಕಾಲ ಅವರಿಬ್ಬರೂ ಬೇರೆ ಬೇರೆ ಕಾಫಿ ಕುಡಿದದ್ದಕ್ಕೆ.

ದೊಡ್ಡಸಿದ್ದಯ್ಯ ಬಾಗಿಲು ತೆರೆದು, ಎಡೆಗೆ ಕೈ ಮುಗಿದು, ಹಿರಿಯನಾದ್ದರಿಂದ ಮೊದಲು ಕಾಫಿಯ ಲೋಟ ಎತ್ತಿದ. ಒಂದು ಗುಟುಕು ಕುಡಿದು ನಿಂತ. ಇನ್ನೊಂದು ಕುಡಿದ. ಆಮೇಲೆ ಬಿಡದೆ ಗಟಗಟ ಕುಡಿದು ಮೀಸೆ ಒರೆಸಿಕೊಂಡ.

“ಇದು ಕಾಫಿ ಅಂದ್ರೆ. ನನ್ ತಮ್ಮ ದಿನಾ ಮದ್ದೂರ್ಗೆ ಓಡ್ತಿದ್ದುದ್ರಲ್ಲಿ ಏನ್ ತಪ್ಪದೆ? ನೀನೂ ಹಿಂಗ್ ಮಾಡದ ಕಲ್ತಿದ್ರೆ ಅವ್ನು ಮನೇಲೇ ಇರ್ತಿದ್ದ ಕಣಮ್ಮ.”

ಹೊಂಬಾಳಮ್ಮ ಖಾಲಿ ಲೋಟ ಇಸಿದುಕೊಂಡಳು. ತಳ ಕಾಣುತ್ತಿತ್ತು.

“ಅದು ನಂದೇ ಕಣ್ ಭಾವ. ಬೆಲ್ಲದ್ದು. ನಿಮ್ಮ ತಮ್ಮ ದಿನಾ ಅಂಗಳಕ್ಕೆ ಚೆಲ್ತಿದ್ರಲ್ಲ, ಅದು.”

ದೊಡ್ಡಸಿದ್ದಯ್ಯ ತಮ್ಮನ ಫೋಟೋ ನೋಡಿದ, ಬಾಗಿಲಾಚೆಯ ಅಂಗಳ ನೋಡಿದ.

“ಇನ್ನೊಂಚೂರು ಅದಾ?” ಎಂದು ಕೊನೆಗೆ ಕೇಳಿದ.

“ಅದೆ, ಕೂತ್ಕಳಿ,” ಎಂದಳು ಹೊಂಬಾಳಮ್ಮ. ದೀಪಿಕ ತರಲು ಒಳಗೆ ಹೋದಳು, ಅತ್ತೆ ಬೆಳಗಿನಿಂದ ಮೊದಲ ಸಲ ನೆಲಕ್ಕೆ ಕೂತಳು.