ಕಾಡಿಗೆ ಹಚ್ಚಿದ ಬೇರಿಂಗು

ಕಾಡಿಗೆ ಎಡಮೂಲೆಗೆ ಮಾತ್ರ ಅಂಟಿದೆ, ಅವರೆಕಾಳಿನಷ್ಟು, ಮಿಕ್ಕ ಕಡೆಯೆಲ್ಲ ಕಾರಿನ ಬೇರಿಂಗು ಬೆಳ್ಳಗೆ ಹೊಳೆಯುತ್ತಿದೆ, ಅಂದರೆ ಉಬ್ಬು ಅಲ್ಲೇ ಇದೆ, ಅಲ್ಲೇ ಕೆರೆಯಬೇಕು, ಕೂದಲೆಳೆಯಷ್ಟು, ಒಂದು ಗೀರು ಹೆಚ್ಚಾದರೂ ಕೆಟ್ಟಿತು — ಗಂಗುಲಪ್ಪ ಕೊಟ್ಟಿಗೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನು ಭಾನುವಾರದ ಬಿಸಿಲಿಗೆ ಹಿಡಿದ. ಕಾಡಿಗೆ ಆದಿಲಕ್ಷ್ಮಮ್ಮನದು, ತವರಿಗೆ ಹೋದ ಹೆಂಡತಿ ಗೂಡಿನಲ್ಲಿ ಬಿಟ್ಟುಹೋದ ಡಬ್ಬಿ, ಇದನ್ನ ದಂಡಕ್ಕೆ ಸವರಿ ಬೇರಿಂಗು ಕೂರಿಸಿ ನೋಡಿ ಸ್ವಾಮಿ, ಎಲ್ಲಿ ತಾಗ್ತದೋ ಅಲ್ಲಿ ಅಂಟ್ತದೆ, ಎಂದು ಕಾರು ರಿಪೇರಿ ಮಾಡುವ ಅಲೀಪುರದ ಮುಖ್ತಾರ್ ಮೇಸ್ತ್ರಿ ಹೇಳಿಕೊಟ್ಟಿದ್ದರು, ಮೊದಲ ಸಲ ಮುಚ್ಚಳ ತೆಗೆದಾಗ ಒಳಗೆ ಅವಳ ಬೆರಳಿನ ಗುಳಿಯಿತ್ತು, ಈಗ ತಳ ಕಾಣುತ್ತಿದೆ, ಆ ಗುಳಿಯೂ ಇಂಜಿನ್ನಿಗೇ ಹೋಯಿತು. ಅವಳು ಹೋಗಿ ಹನ್ನೊಂದು ತಿಂಗಳು. ಐವತ್ತೆಂಟರ ಕಾರ್ತಿಕದಲ್ಲಿ ಅವಳ ತವರಿನಿಂದ ತಂತಿ ಬಂದದ್ದು, ಅಪ್ಪನಿಗೆ ಕಾಯಿಲೆ ಜೋರು, ಕೂಡಲೇ ಹೊರಡಿ, ಅವಳು ಸೀರೆ ಕೂಡ ಬದಲಾಯಿಸದೆ ಅಂಗಳಕ್ಕೆ ಬಂದು ನಿಂತವಳು ಬಗ್ಗಿ ನೋಡಿ, ಕಾರಿನ ಕೆಳಗೆ ಎಣ್ಣೆ ಸೋರೈತೆ ನೋಡಿ ಅಂದಳು, ಅಂಗೈಯಗಲ, ಕರ್ರಗೆ, ಹಳೇ ಕಾರು ಅಂದ್ಮೇಲೆ ಅಷ್ಟೋ ಇಷ್ಟೋ ಸೋರ್ತೈತೆ ಕಣೇ, ಹತ್ತು ಮೊದಲು ಅಂದ — ಬಗ್ಗಿ ನೋಡಲಿಲ್ಲ, ಒಂದು ತಿರುಪು ಬಿಗಿ ಮಾಡಬೇಕಾಗಿತ್ತು, ಬಗ್ಗಲಿಲ್ಲ. ಚಿಕ್ಕಬಳ್ಳಾಪುರ ದಾಟಿದ ಮೇಲೆ ಒಳಗಿಂದ ಕಟಕಟ ಎಂದು ಸದ್ದು ಬರತೊಡಗಿತು, ಏನದು ಎಂದು ಅವಳು ಕೇಳಿದಳು, ಕಲ್ಲು ಎಂದ, ಎರಡು ಮೈಲಿ ಕಲ್ಲು ಕಲ್ಲು ಎನ್ನುತ್ತಲೇ ಓಡಿಸಿದ, ಆಮೇಲೆ ಇಂಜಿನ್ನು ಒಮ್ಮೆ ಕಿರುಚಿ ಹಿಡಿದುಕೊಂಡು ನಿಂತುಬಿಟ್ಟಿತು, ಶಿಡ್ಲಘಟ್ಟ ಇನ್ನೂ ಮೂರು ಮೈಲಿ, ಎರಡೂ ಕಡೆ ಹಿಪ್ಪುನೇರಳೆ ತೋಟ, ಮನುಷ್ಯರ ಸುಳಿವಿಲ್ಲ. ರೇಷ್ಮೆಗೂಡು ತುಂಬಿದ ಎತ್ತಿನ ಗಾಡಿಯೊಂದು ಬಂತು, ಗಾಡಿಯವನು ಕುಕ್ಕೆಗಳ ನಡುವೆ ಜಾಗ ಮಾಡಿದ, ಒಬ್ಬರಿಗಲ್ಲ, ಇಬ್ಬರಿಗೆ ಮಾಡಿದ್ದ, ಅದನ್ನು ಮಾತ್ರ ನೆನೆಯಬಾರದು, ಈ ಮೂಲೆ ಇನ್ನೊಂದು ಗೀರು, ಸಾಕು — ನೀನು ಹೋಗ್ತಿರು, ಕಾರು ಹಾದೀಲಿ ಬಿಟ್ಟು ಹೆಂಗೆ ಬರ್ಲಿ, ಹಿಂದೇನೇ ಬರ್ತೀನಿ ಅಂದ. ಅವಳು ಕುಕ್ಕೆಯ ಅಂಚು ಹಿಡಿದು ಕೂತು ಅವನನ್ನೇ ನೋಡುತ್ತ ಹೋದಳು, ಗಾಡಿ ತಿರುವು ದಾಟುವ ತನಕ. ಆ ಹಿಂದೇನೇ ಎಂಬುದು ಮೂರು ದಿನವಾಯಿತು, ಲಾರಿ ಹುಡುಕಿ, ಹಗ್ಗ ಹುಡುಕಿ, ಕಾರನ್ನು ಗೌರಿಬಿದನೂರಿಗೆ ಎಳೆಸಿ ತಂದು ಕೊಟ್ಟಿಗೆಗೆ ನೂಕಿ, ಆಮೇಲೆ ಚಿಂತಾಮಣಿಗೆ ಹೋದರೆ ಮಾವನದು ಎಲ್ಲ ಮುಗಿದಿತ್ತು, ಅವಳು ಸೇರುವುದಕ್ಕೂ ಮೊದಲೇ ಮುಗಿದಿತ್ತು. ಅಪ್ಪ ಎರಡು ಸಲ ನನ್ನ ಹೆಸರು ಹಿಡಿದು ಕೇಳಿದ್ರಂತೆ, ಅಷ್ಟೇ ಅವಳು ಹೇಳಿದ್ದು, ಗೋಡೆಗೆ ಹೇಳುವ ಹಾಗೆ.

ಹನ್ನೊಂದನೇ ದಿನ ಊಟದ ಪಂಕ್ತಿಯಲ್ಲಿ ಬಾಮೈದ ಬಯ್ಯಪ್ಪ, ಬಾವ, ಮುಂದಿನ ಸಲ ಕಾರಿಗೆ ಎರಡು ಎತ್ತು ಕಟ್ಕೊಂಡೇ ಬನ್ನಿ ಅಂದ, ನಾಲ್ಕು ಜನ ನಕ್ಕರು, ಸಾವಿನ ಮನೆಯೆಂದು ತಡೆದುಕೊಂಡು ನಕ್ಕರು, ಅದೇ ಹೆಚ್ಚು ಉರಿಯಿತು, ಎಲೆಯ ಮುಂದೆಯೇ ಗಂಗುಲಪ್ಪ ಅಂದುಬಿಟ್ಟ, ಇದೇ ಕಾರಲ್ಲಿ ಬಂದು ನಿಮ್ಮಕ್ಕನ್ನ ಕರ್ಕೊಂಡೋಗ್ತೀನಿ, ಅಲ್ಲೀತನಕ ಈ ಹೊಸಲು ತುಳಿಯಲ್ಲ. ಬಡಿಸುತ್ತಿದ್ದ ಅವಳ ಕೈ ಅವನ ಎಲೆಯ ಮೇಲೆ ಒಂದು ಗಳಿಗೆ ನಿಂತು ಮುಂದಕ್ಕೆ ಹೋಯಿತು. ತಾಲ್ಲೂಕು ಕಚೇರಿಯ ಗುಮಾಸ್ತ, ಪಹಣಿ ಬರೆಯುವ ಕೈ, ಇಂಜಿನ್ನಿನ ಹೊಟ್ಟೆ ಕಂಡದ್ದು ಯಾವತ್ತು, ಆದರೂ ಬಿಚ್ಚಿದ, ಬಾವಿಯ ರಾಟೆ ತಂದು ಕೊಟ್ಟಿಗೆಯ ತೊಲೆಗೆ ಕಟ್ಟಿ ಇಂಜಿನ್ನನ್ನು ಮೇಲೆತ್ತಿದ, ಅವಳು ಅಕ್ಕಿ ತೊಳೆಯುತ್ತಿದ್ದ ಪಾತ್ರೆಗೆ ಸೀಮೆಎಣ್ಣೆ ಸುರಿದು ಒಂದೊಂದೇ ಭಾಗ ತೊಳೆದ, ಅವಳು ಬಂದರೆ ಬಯ್ಯುತ್ತಾಳೆ ಎಂದುಕೊಂಡ, ಆ ಬೈಗುಳ ಕಿವಿಗೆ ಹಿತವಾಗಿತ್ತು. ಮಕ್ಕಳಿಲ್ಲದ ಮನೆ, ಸ್ಟೇಷನ್ ರಸ್ತೆಯ ಹೋಟೆಲಿನ ಊಟ, ಕಚೇರಿಯಿಂದ ಬಂದರೆ ಮಾತಿಗೆ ಸಿಗುವುದು ಆ ನಾಲ್ಕು ಪಿಸ್ಟನ್ನು. ಕಾಗದ ಬರೆಯುತ್ತಿದ್ದ, ಬರೆಯದೆ ಏನು, ಪ್ರತಿ ತಿಂಗಳೂ ಬರೆದ, ಬೆಂಗಳೂರಿನಿಂದ ರಿಂಗುಗಳು ಬಂದವು, ಕ್ಷೇಮ, ಬೇರಿಂಗು ಎರಕ ಹೊಯ್ಯಲು ಕೊಟ್ಟಿದ್ದೇನೆ, ಕ್ಷೇಮ. ಅವಳದು ಎರಡು ಬಂತು, ಎರಡನೆಯದರಲ್ಲಿ ಒಂದೇ ಸಾಲು, ಊಟಕ್ಕೆ ಏನು ಮಾಡುತ್ತಿದ್ದೀರಿ. ಅದಕ್ಕೆ ಏನು ಬರೆದೆ? ವಾಲ್ವ್ ಉಜ್ಜುವುದು ಮುಗಿಯಿತು ಎಂದು ಬರೆದೆ. ಆಮೇಲೆ ಕಾಗದ ಬರಲಿಲ್ಲ. ಶ್ರಾವಣದಲ್ಲಿ ಇಂಜಿನ್ನು ಓಡಿತು, ಮುಖ್ತಾರ್ ಮೇಸ್ತ್ರಿ ಅದರ ನೆತ್ತಿಯ ಮೇಲೆ ನೀರಿನ ಲೋಟ ಇಟ್ಟು, ನೋಡಿ ಸ್ವಾಮಿ, ಒಂದು ತೊಟ್ಟು ಅಲುಗಲ್ಲ, ನಾಳೇನೇ ಹೋಗಿ ಅಮ್ಮನ್ನ ಕರ್ಕೊಂಡು ಬನ್ನಿ ಎಂದು ಬೆನ್ನು ತಟ್ಟಿ ಹೋದರು, ಗಂಗುಲಪ್ಪ ಒಬ್ಬನೇ ಕೂತು ಕೇಳಿದ, ಎಲ್ಲೋ ಸಣ್ಣಗೆ ಟಿಕ್ ಎಂದಂತಾಯಿತು, ಮತ್ತೆ ಕೇಳಿದ, ಹೌದು, ಟಿಕ್, ಬೆಳಗಾಗುತ್ತಲೇ ಎಲ್ಲ ಬಿಚ್ಚಿದ. ಮುಂದಿನ ಭಾನುವಾರ ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತರು, ತಟ್ಟೆಗಳಲ್ಲಿ ಹರವಿದ ನಟ್ಟು ಬೋಲ್ಟುಗಳನ್ನು ನೋಡಿದರು, ಅಲ್ಲಾ ಸ್ವಾಮಿ, ಅದರಾಗೆ ಏನೂ ಇರಲಿಲ್ವಲ್ಲ, ಯಾಕೆ ಬಿಚ್ಚಿದ್ರಿ? ಸದ್ದು ಬರ್ತಿತ್ತು ಮೇಸ್ತ್ರಿ. ಬರ್ತಿರಲಿಲ್ಲ ಸ್ವಾಮಿ, ನಲವತ್ತು ವರ್ಷದ ಕಿವಿ ಇದು, ಅಮ್ಮ ಏನಂತಾರೋ ಅಂತ ಭಯಾನಾ? ಗಂಗುಲಪ್ಪ ಪಿಸ್ಟನ್ನಿನ ಕಡೆಗೆ ತಿರುಗಿಕೊಂಡ, ಆ ಭಾನುವಾರದ ಮೇಲೆ ಮೇಸ್ತ್ರಿಯೂ ಬರಲಿಲ್ಲ. ಇಗೋ, ಈಗ ಕಾಡಿಗೆ ಎಲ್ಲ ಕಡೆಗೂ ಸಮನಾಗಿ ಅಂಟಿತು, ಮತ್ತೆ ಒರೆಸಿ ಮತ್ತೆ ಹಚ್ಚಿ ನೋಡಿದ, ಸಮನಾಗಿಯೇ ಇದೆ, ಇನ್ನು ಕೆರೆಯಲು ಏನೂ ಇಲ್ಲ.

ಜೋಡಿಸಲು ಮೂರು ದಿನ, ಬುಧವಾರ ಹಿಡಿಕೆ ತಿರುಗಿಸಿದ ಎರಡನೇ ಸುತ್ತಿನಲ್ಲೇ ಇಂಜಿನ್ನು ಎದ್ದಿತು, ರಜೆ ಚೀಟಿ ಕಳಿಸಿ ಹೊರಟೇಬಿಟ್ಟ, ಚಿಕ್ಕಬಳ್ಳಾಪುರದಲ್ಲಿ ಇಳಿದು ಬಗ್ಗಿ ನೋಡಿದ, ಒಂದು ತೊಟ್ಟೂ ಇಲ್ಲ, ಆ ಹಿಪ್ಪುನೇರಳೆ ತೋಟದ ಹತ್ತಿರ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು, ನಿಲ್ಲಿಸಲಿಲ್ಲ, ಶಿಡ್ಲಘಟ್ಟ ದಾಟಿತು, ಏನು ಹೇಳುವುದು, ಬಾರೇ ಅನ್ನುವುದೋ, ತಪ್ಪಾಯ್ತು ಅನ್ನುವುದೋ, ಮೊದಲು ಕೂರಿಸಿಕೊಂಡು ಒಂದು ಸುತ್ತು ಹೋಗುವುದೋ. ಚಿಂತಾಮಣಿಯ ಮನೆ ಮುಂದೆ ಬಯ್ಯಪ್ಪನೇ ಎದುರಿಗೆ ಬಂದ, ನಗಲಿಲ್ಲ, ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ, ಏನು ನುಣ್ಣಗೆ ಓಡ್ತೈತೆ ಬಾವ ಅಂದ, ಮುಖ ನೋಡದೆ ಅಂದ. ಒಳಗೆ ಅತ್ತೆ ಅಕ್ಕಯ್ಯಮ್ಮ, ರಾ ನಾಯನಾ, ಬಾರಪ್ಪ, ಕೂತ್ಕೋ, ಎಂದು ಚಾಪೆ ಹಾಸಿದರು, ನೀರು ಕೊಟ್ಟರು, ಅವನು ನಡುಮನೆಯ ಬಾಗಿಲನ್ನೇ ನೋಡುತ್ತ ನೀರು ಕುಡಿದ. ಆದಿ ಇಲ್ಲಪ್ಪ, ಕೋಲಾರಕ್ಕೆ ಹೋಗಿ ಇಪ್ಪತ್ತು ದಿನ ಆಯ್ತು, ಟೀಚರ್ ಟ್ರೈನಿಂಗು, ಅಲ್ಲೇ ಹಾಸ್ಟೆಲ್ಲು. ಮುಗಿದ ಮೇಲೆ? ಮುಗಿದ ಮೇಲೆ ಈ ಕಡೆ ಎಲ್ಲಾದ್ರೂ ಸ್ಕೂಲಲ್ಲಿ ಇರ್ತಾಳಂತೆ, ಗೌರಿಬಿದನೂರಿಗೆ ಬರಲ್ಲ, ಅವರು ಬಂದ್ರೆ ನೀನೇ ಹೇಳಮ್ಮ ಅಂದ್ಲು. ಕಾರು ಸರಿಯಾಯ್ತಲ್ಲ ಅತ್ತೆ, ಅಂದ, ಅಂದದ್ದು ತನ್ನ ಕಿವಿಗೇ ಕೇಳಿತು. ಅಕ್ಕಯ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು, ಕಾರು ಯಾರು ಕೇಳಿದ್ರಪ್ಪ? ನಿಮ್ಮೂರ ಕಡೆಯಿಂದ ದಿನಕ್ಕೆ ನಾಲ್ಕು ಬಸ್ಸು ಬರ್ತಾವೆ, ಹಾರನ್ ಕೇಳಿದಾಗೆಲ್ಲ ಎದ್ದು ನಿಲ್ಲೋಳು, ಬಾಗಿಲಿಗೆ ಹೋಗ್ತಿರಲಿಲ್ಲ, ರಾಗಿ ಕೇರ್ತಿದ್ರೆ ಮೊರಾನೂ ಇಳಿಸ್ತಿರಲಿಲ್ಲ, ಹಂಗೇ ಕೈಲಿ ಹಿಡ್ಕೊಂಡು ಎದ್ದು ನಿಲ್ಲೋಳು, ಇಳಿದೋರೆಲ್ಲ ಹೋದ ಮೇಲೆ ಕೂತ್ಕೊಳ್ಳೋಳು, ಆಷಾಢ ಹೋಯ್ತು, ಶ್ರಾವಣ ಹೋಯ್ತು, ಒಂದಿನ ಹಾರನ್ ಆಯ್ತು, ಏಳಲಿಲ್ಲ. ಶ್ರಾವಣ. ಲೋಟದ ನೀರು ಅಲುಗದ ಶ್ರಾವಣ. ಅವನು ಹೊರಗೆ ಬಂದು ಕಾರಿನಲ್ಲಿ ಕೂತ, ಕೋಲಾರ ಇಪ್ಪತ್ತೈದು ಮೈಲಿ ಇದ್ದೀತು, ಪೆಟ್ರೋಲು ಇದೆ, ಬಯ್ಯಪ್ಪ ತಾನೇ ಹಿಡಿಕೆ ತಿರುಗಿಸಿಕೊಟ್ಟ, ಇಂಜಿನ್ನು ಎದ್ದಿತು, ಕಿವಿಗೊಟ್ಟ, ಟಿಕ್ ಎನ್ನಲಿ, ಎಲ್ಲಾದರೂ ಒಂದು ಸಲ ಟಿಕ್ ಎನ್ನಲಿ, ಏನೂ ಇಲ್ಲ, ನುಣ್ಣಗೆ ಓಡುತ್ತಿದೆ, ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಮಧ್ಯಾಹ್ನದ ಬಸ್ಸಿನ ಹಾರನ್, ಉದ್ದಕ್ಕೆ, ಅವನ ಕಣ್ಣೊಳಗೆ ಅವಳು ಎದ್ದು ನಿಂತಳು, ಮೊರ ಕೈಯಲ್ಲೇ ಇದೆ, ರಾಗಿ ಒಂದು ಕಡೆಗೆ ಜಾರಿದೆ, ನೋಡುತ್ತಿಲ್ಲ, ಕೇಳಿಸಿಕೊಳ್ಳುತ್ತಿದ್ದಾಳೆ, ಮೊರ ಹಿಡಿದು ಎದ್ದು ನಿಂತಿದ್ದಾಳೆ, ಮೊರ ಹಿಡಿದು —