ಉಳಿಸಿದ ನಾಲ್ಕು ಕೊಡ ನೀರು

ಗಂಗುಬಾಯಿ ಅಕ್ಕ ಮೊಮ್ಮಗನ ಮೈ ತೊಳೆದ ನೀರಲ್ಲೇ ಬಟ್ಟೆ ಒಗೆಯುತ್ತಿದ್ದಳು. ಅದೇ ನೀರಲ್ಲಿ ಪಾಯಖಾನೆ ತೊಳೆಯುತ್ತಿದ್ದಳು. ಅಂಥವಳ ಗೋಡೆಗೆ ಯೋಜನೆಯವರು ಒಂದು ಸರ್ಟಿಫಿಕೇಟು ತೂಗುಹಾಕಿದ್ದರು: ‘ನೀರು ಉಳಿಸಿದ ಮಾದರಿ ಗೃಹಿಣಿ’.

ನಮ್ಮೂರು ಔರಾದದ ಹತ್ತಿರ. ನಾನು ದತ್ತಾತ್ರಿ, ಊರಿನ ವಾಟರ್‌ಮನ್. ನಳದ ವಾಲ್ ತಿರುಗಿಸುವ ಕಬ್ಬಿಣದ ಚಾವಿ ಸದಾ ನನ್ನ ಹೆಗಲ ಮೇಲೆ.

ಯೋಜನೆಯ ಸಂಜುಕುಮಾರ ಸಾಹೇಬರು ನಮ್ಮ ಓಣಿಯ ನಲವತ್ತೂ ಮನೆಯ ಕೊಡ ಎಣಿಸಿ, ಇಪ್ಪತ್ತು ಮನೆಗೆ ನೀರು ಉಳಿಸುವ ತರಬೇತಿ ಕೊಟ್ಟರು. ಎರಡು ತಿಂಗಳಲ್ಲಿ ಆ ಮನೆಗಳ ದಿನದ ಖರ್ಚು ಹನ್ನೆರಡು ಕೊಡದಿಂದ ಎಂಟಕ್ಕೆ ಇಳಿಯಿತು. ತರಬೇತಿಯ ಫಲವೆಂದು ಸಾಹೇಬರು ಕುಣಿದರು. ಎಂಟೇ ಸಾಕಾದರೆ ದಿನಬಿಟ್ಟು ದಿನ ನಳ ಬಿಟ್ಟರಾಯಿತು, ಉಳಿದ ನೀರು ಹೊಸ ಲೇಔಟಿಗೆ ಎಂದರು.

ಗಂಗುಬಾಯಿಯ ಮಗಳು ಆಮ್ರಪಾಲಿ ಬೀದರಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಾಳೆ. ರಜೆಗೆ ಬಂದವಳು ವಹಿ ಹಿಡಿದು ನಲವತ್ತೂ ಮನೆ ತಿರುಗಿದಳು.

“ಏನ್ ಹುಡ್ಕಲತ್ತಿ ತಂಗಿ?” ಎಂದೆ.

“ಮಾಮಾ, ತರಬೇತಿಯಿಂದ ಏನೂ ಫರಕ ಆಗಿಲ್ಲ ಅಂತ ಮೊದಲ ಹಿಡೀಬೇಕು. ಆಗ್ಯಾದ ಅನ್ನೋರು ಸಾಬೀತ ಮಾಡಬೇಕು. ನಮ್ಮ ಶಾಸ್ತ್ರದಾಗ ಹಂಗ.”

ನನಗೆ ನಗು ಬಂತು. ನಮ್ಮ ಮಂದಿ ಕಚೇರಿ ಕಚೇರಿಯಲ್ಲಿ ಜಾತಿ ಸಾಬೀತು ಮಾಡಿದವರು, ಬಡತನ ಸಾಬೀತು ಮಾಡಿದವರು, ಬದುಕಿದ್ದೇವೆಂದೂ ಸಾಬೀತು ಮಾಡಿದವರು. ಸಾಹೇಬನೂ ಸಾಬೀತು ಮಾಡಬೇಕೆಂಬ ಶಾಸ್ತ್ರವಿದೆಯೆಂದು ಯಾರಿಗೆ ಗೊತ್ತಿತ್ತು!

ನಮ್ಮ ಓಣಿಯ ಬುದ್ಧವಿಹಾರದ ಅಂಗಳದಲ್ಲಿ ಸಭೆ ಕೂಡಿತು.

“ಸಾಹೇಬ್ರ, ತರಬೇತಿ ಆಗದ ಇಪ್ಪತ್ತು ಮನಿನೂ ಹನ್ನೆರಡರಿಂದ ಎಂಟಕ್ಕ ಇಳದಾವ್ರಿ,” ಎಂದಳು ಆಮ್ರಪಾಲಿ. “ಎರಡೂ ಗುಂಪಿನ ನಡುವ ಒಂದು ತಂಬಿಗಿ ಫರಕ. ಅಷ್ಟು ಹೆಚ್ಚುಕಮ್ಮಿ ಸುಮ್ನೂ ಆಗ್ತದ. ಪರೀಕ್ಷಾ ಮಾಡಿ ನೋಡೀನ್ರಿ, ನಿಮ್ಮ ಮಾತು ನಿಲ್ಲಂಗಿಲ್ಲ.”

“ಮತ್ತ ಎಲ್ಲಾರೂ ಯಾಕ ಕಮ್ಮಿ ಬಳಸಲತ್ತಾರ? ಕಾರಣ ಹೇಳವಾ!” ಸಾಹೇಬರು ಗದರಿದರು.

ಆಮ್ರಪಾಲಿ ವಹಿಯ ಹಾಳೆ ತಿರುವಿದಳು, ಕಾರಣ ಅದರಲ್ಲಿರಲಿಲ್ಲ. ಅವಳ ಲೆಕ್ಕ ಅಲ್ಲಿಗೇ ನಿಂತಿತ್ತು.

“ಬೋರಿನ ನೀರು ಇಳದಾದಂತಲ್ರಿ. ನಮ್ಮ ದತ್ತುನೇ ಹೇಳ್ಯಾನ,” ಎಂದಳು ಗಂಗುಬಾಯಿ.

“ಯಾರಂದ್ರು? ಬೋರ್ ಭರಪೂರ ಅದ!” ಎಂದುಬಿಟ್ಟರು ಸಾಹೇಬರು.

ಎಲ್ಲರೂ ನನ್ನ ಕಡೆ ತಿರುಗಿದರು. ನೌಕರಿ ಹೋದರೆ ಮೂರು ಮಕ್ಕಳು ಉಪವಾಸ. ಆದರೂ ಎದ್ದೆ.

“ಕಾರಣ ನಾ ಇದ್ದೀನ್ರಿ. ತರಬೇತಿ ಮುಗಿದ ಮರುದಿನ ಸಾಹೇಬ್ರು, ತಾಸಿನ ನೀರು ನಲವತ್ತು ನಿಮಿಷಕ್ಕ ಬಂದ್ ಮಾಡು, ಬಾಯಿ ಬಿಟ್ರ ನೌಕರಿ ಇಲ್ಲ ಅಂದ್ರು. ಬಂದ್ ಮಾಡೀನಿ. ಬೋರ್ ಇಳದಾದ ಅಂತ ಸುಳ್ಳು ಹೇಳೀನಿ.”

“ತಲಿ ಕೆಟ್ಟದ ಇವನ್ದು! ಚಾವಿ ಇಡು. ನಾಳಿಂದ ಬರಬ್ಯಾಡ.”

ಚಾವಿ ಇಟ್ಟೆ, ಗಂಗುಬಾಯಿಯ ಕೈಯಲ್ಲಿ.

“ಎರಡು ತಿಂಗಳ ನನ್ನ ಮಾರಿ ನೋಡಿ ಸುಳ್ಳು ಹೇಳ್ದೆಲ್ಲೋ ದತ್ತ್ಯಾ,” ಎಂದಳು ಅವಳು. ನಾನು ತಲೆ ತಗ್ಗಿಸಿದೆ. ಅವಳು ಚಾವಿ ಹೆಗಲಿಗೇರಿಸಿದಳು.

“ನಡಿ, ಯಾವ ವಾಲ್ ತೋರ್ಸು.”

ನಲವತ್ತು ಮನೆಯ ಹೆಂಗಸರು ಖಾಲಿ ಕೊಡ ಹಿಡಿದು ನಮ್ಮ ಹಿಂದೆ ಹೊರಟರು.